ಜೀಪಿಗೆ ಹ್ಯಾಮ್ ರೇಡಿಯೋ: ಲೈಟರ್ ಸಾಕೆಟ್ ಬಿಟ್ಟು ಬ್ಯಾಟರಿಗೆ ಬನ್ನಿ

ಪ್ರಶ್ನೆ: ನಾನು ಮೂಡಿಗೆರೆ ಕಡೆಯವನು. ಎಎಸ್‌ಒಸಿ ಪರೀಕ್ಷೆ ಪಾಸಾಗಿ ಈಗಷ್ಟೇ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಲೈಸೆನ್ಸ್ ಕೈಗೆ ಬಂದಿದೆ. 50 ವಾಟಿನ ವಿಎಚ್‌ಎಫ್ ಮೊಬೈಲ್ ಸೆಟ್ (ಗಾಡಿಗೆ ಕೂರಿಸುವ ರೇಡಿಯೋ) ತಗೊಂಡಿದ್ದೇನೆ, ಬೊಲೆರೊಗೆ ಕೂರಿಸಬೇಕು. ಗ್ಯಾರೇಜಿನವರು ‘ಲೈಟರ್ ಸಾಕೆಟ್ಟಿಗೆ ಪ್ಲಗ್ ಹಾಕಿಕೊಡ್ತೀನಿ, ಹತ್ತು ನಿಮಿಷದ ಕೆಲಸ’ ಅಂತಿದ್ದಾರೆ. ಸರೀನಾ? ಆಂಟೆನಾ ಎಲ್ಲಿಡಬೇಕು? ಚಾರ್ಮಾಡಿ ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಇದು ಕೆಲಸಕ್ಕೆ ಬರುತ್ತಾ? ತಲೆ ಮೇಲೆ 50 ವಾಟ್ ಇಟ್ಕೊಂಡು ಓಡಾಡಿದರೆ ಮಕ್ಕಳಿಗೆ ಏನೂ ಆಗಲ್ವಾ? ತಮ್ಮನ ಪಿಕಪ್ಪಿಗೂ ಒಂದು ಹಾಕಿಸಿದರೆ ತೋಟದ ಕೆಲಸಕ್ಕೆ ಅನುಕೂಲ. ಹಾಕಬಹುದಾ?

ಉತ್ತರ: ಮೊದಲು ಲೈಸೆನ್ಸಿಗೆ ಅಭಿನಂದನೆ. ಮೊದಲ ಪ್ರಶ್ನೆಗೆ ಉತ್ತರ ಒಂದೇ ಮಾತಿನಲ್ಲಿದೆ: ಬೇಡ. ಲೈಟರ್ ಸಾಕೆಟ್ಟಿಗೆ ಬೇಡವೇ ಬೇಡ.

50 ವಾಟಿನ ಸೆಟ್ಟು ಸುಮ್ನೆ ಕೇಳಿಸಿಕೊಳ್ಳುತ್ತಾ ಕೂತಾಗ ಅರ್ಧ ಆಂಪಿಯರ್ ಆಸುಪಾಸು ಎಳೆಯುತ್ತದೆ. ಮೈಕಿನ ಬಟನ್ ಒತ್ತಿದ ಕೂಡಲೇ ಅದು 10ರಿಂದ 12 ಆಂಪಿಯರಿಗೆ ಹಾರುತ್ತದೆ. ಲೈಟರ್ ಸಾಕೆಟ್ಟಿನ ಫ್ಯೂಸು ಸಾಮಾನ್ಯವಾಗಿ 10 ಅಥವಾ 15 ಆಂಪಿಯರಿನದು. ಹಿಂದಿನ ವೈರು ಸಣ್ಣದು. ಪ್ಲಗ್ಗಿನೊಳಗೆ ಹಿಡಿತ ಕೊಡೋದು ಒಂದು ಪುಟ್ಟ ಸ್ಪ್ರಿಂಗು, ಅಷ್ಟೇ. ನಮ್ಮ ಮಲೆನಾಡಿನ ರಸ್ತೆಯಲ್ಲಿ ಆ ಸ್ಪ್ರಿಂಗು ಕುಣಿಯುತ್ತಲೇ ಇರುತ್ತದೆ. ಸಂಪರ್ಕ ಸಡಿಲವಾದ ಕಡೆ ಬಿಸಿ ಏರುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಮೊಬೈಲ್ ಚಾರ್ಜರಿಗೆ ಆ ಸಾಕೆಟ್ ಸಾಕು, ನಿಮ್ಮ ಸೆಟ್ಟಿಗೆ ಸಾಲದು.

ಹಾಗಾದರೆ ಎಲ್ಲಿಂದ? ನೇರವಾಗಿ ಬ್ಯಾಟರಿಯಿಂದ. ಬಾನೆಟ್ ಒಳಗಿನ ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿಗೆ ಅಂದಾಜು 4 ಮೀಟರ್ ವೈರು ಅಂತ ಇಟ್ಕೊಳ್ಳಿ. ಕರೆಂಟು ಹೋಗಿ ಬರಬೇಕು, ಹಾಗಾಗಿ ಲೆಕ್ಕಕ್ಕೆ 8 ಮೀಟರ್. 12 ಆಂಪಿಯರ್ ಹರಿದಾಗ 1 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ ಹೆಚ್ಚುಕಡಿಮೆ 1.7 ವೋಲ್ಟ್ ದಾರಿಯಲ್ಲೇ ಕರಗಿಹೋಗುತ್ತದೆ. 2.5ರ ವೈರಾದರೆ 0.7 ವೋಲ್ಟ್. 4ರದ್ದಾದರೆ ಅರ್ಧ ವೋಲ್ಟಿಗೂ ಕಡಿಮೆ, 6ರದ್ದಾದರೆ 0.3. ನಾನು 6 ಹಾಕುತ್ತೇನೆ, 4 ಹಾಕಿದರೂ ತಪ್ಪಿಲ್ಲ. ಅದಕ್ಕಿಂತ ಸಣ್ಣದು ಬೇಡ. ಸೆಟ್ಟಿನ ಜೊತೆ ಡಬ್ಬಿಯಲ್ಲಿ ವೈರು ಕೊಟ್ಟಿರುತ್ತಾರೆ, ಉದ್ದ ಸಾಕಾದರೆ ಅದನ್ನೇ ಬಳಸಿ. ಉದ್ದ ಸಾಲದೆ ಗಂಟು ಹಾಕಬೇಕಾಗಿ ಬಂದರೆ ಬರೀ ತಿರುಚಿ ಟೇಪ್ ಸುತ್ತಬೇಡಿ. ಬೆಸುಗೆ ಹಾಕಿಸಿ, ಇಲ್ಲವೇ ಸರಿಯಾದ ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ಹಾಕಿ ಕ್ರಿಂಪ್ ಮಾಡಿಸಿ, ಅಂದರೆ ಒತ್ತಿ ಬಿಗಿಸಿ.

ಇನ್ನು ಫ್ಯೂಸು. ಇದರಲ್ಲಿ ನಾನೇ ಮಾಡಿದ ತಪ್ಪೊಂದನ್ನು ಹೇಳಿಬಿಡುತ್ತೇನೆ. ಹವ್ಯಾಸ ಶುರುವಾದ ಹೊಸದರಲ್ಲಿ ನನ್ನ ಹಳೇ ವ್ಯಾನಿಗೆ ನಾನೇ ಸೆಟ್ ಕೂರಿಸಿದ್ದೆ. ಫ್ಯೂಸನ್ನು ಕೈಗೆ ಸಿಗಲಿ ಅಂತ ಸೆಟ್ಟಿನ ಪಕ್ಕದಲ್ಲೇ ಇಟ್ಟೆ. ಇಂಜಿನ್ ಕಡೆಯ ತಗಡಿನ ಗೋಡೆಯಲ್ಲಿ ಒಂದು ತೂತು ಕಂಡಿತು, ವೈರನ್ನು ಹಾಗೇ ತೂರಿಸಿದೆ. ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ, ಅಂದರೆ ಗ್ರೋಮೆಟ್ ಹಾಕಲಿಲ್ಲ. ಕೆಲವು ತಿಂಗಳಾದ ಮೇಲೆ ಶಿರಾಡಿ ಇಳಿಯುವಾಗ ಡ್ಯಾಶ್‌ಬೋರ್ಡಿನ ಕೆಳಗಿಂದ ಹೊಗೆ. ತಗಡಿನ ಅಂಚು ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ದಿನದಿನವೂ ಕೆರೆದು, ಕೊನೆಗೆ ತಾಮ್ರ ಬಾಡಿಗೆ ತಾಗಿತ್ತು. ಫ್ಯೂಸು ಹೋಗಲಿಲ್ಲ. ಹೇಗೆ ಹೋದೀತು? ಶಾರ್ಟ್ ಆಗಿದ್ದು ಬ್ಯಾಟರಿ ಮತ್ತು ಫ್ಯೂಸಿನ ನಡುವೆ! ಫ್ಯೂಸಿನವರೆಗೆ ಆ ಕರೆಂಟು ಬರಲೇ ಇಲ್ಲ. ಬ್ಯಾಟರಿ ಟರ್ಮಿನಲ್ ಬಿಚ್ಚಲು ಸ್ಪ್ಯಾನರ್ ಹುಡುಕುತ್ತಾ ಕಳೆದ ಆ ಒಂದೆರಡು ನಿಮಿಷ ಇವತ್ತಿಗೂ ನೆನಪಿದೆ. ಅಂದಿನಿಂದ ನನ್ನ ಗಾಡಿಯಲ್ಲಿ 10 ನಂಬರ್ ಸ್ಪ್ಯಾನರ್ ಚಾಲಕನ ಬಾಗಿಲಿನ ಜೇಬಿನಲ್ಲೇ ಇರುತ್ತದೆ.

ಹಾಗಾಗಿ ಫ್ಯೂಸು ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ ಇರಬೇಕು. ಎಷ್ಟು ಆಂಪಿಯರಿನದು ಅನ್ನೋದು ಸೆಟ್ಟಿನ ಕೈಪಿಡಿಯಲ್ಲಿದೆ, ಸಾಮಾನ್ಯವಾಗಿ 15 ಅಥವಾ 20. ಪದೇ ಪದೇ ಹೋಗುತ್ತೆ ಅಂತ 30ರದ್ದು ಹಾಕುವುದು, ಬೆಳ್ಳಿ ಹಾಳೆ ಸುತ್ತುವುದು, ಇದೆಲ್ಲ ಬೇಡ. ವೈರು ತಗಡು ದಾಟುವ ಕಡೆ ಗ್ರೋಮೆಟ್ ಕಡ್ಡಾಯ. ಬಾನೆಟ್ ಒಳಗಿನ ಇಡೀ ಉದ್ದಕ್ಕೆ ಸುಕ್ಕುಸುಕ್ಕಿನ ಕಪ್ಪು ಪೈಪು ಹಾಕಿಸಿ. ಬಿಸಿಯಾದ ಇಂಜಿನ್ ಭಾಗಗಳಿಂದಲೂ, ತಿರುಗುವ ಬೆಲ್ಟಿನಿಂದಲೂ ದೂರ ಕಟ್ಟಿಸಿ. ತೋಟದ ಮನೆಯ ಶೆಡ್ಡಿನಲ್ಲಿ ನಿಲ್ಲಿಸುವ ಗಾಡಿಗೆ ಇಲಿ ಕಾಟ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ತಿಂಗಳಿಗೊಮ್ಮೆ ಬಾನೆಟ್ ಎತ್ತಿ ಆ ವೈರಿನ ಮೇಲೆ ಕೈಯಾಡಿಸಿ.

ನೆಗೆಟಿವ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಬ್ಯಾಟರಿಯ ಕಪ್ಪು ಟರ್ಮಿನಲ್ಲಿನ ಮೇಲೆ ಸಣ್ಣ ಪ್ಲಾಸ್ಟಿಕ್ ಡಬ್ಬಿ ಥರದ ಸೆನ್ಸರ್ ಇದೆಯಾ ನೋಡಿ. ಈಚಿನ ಎಷ್ಟೋ ಗಾಡಿಗಳಲ್ಲಿ ಇರುತ್ತದೆ. ಬ್ಯಾಟರಿಯಿಂದ ಎಷ್ಟು ಕರೆಂಟು ಹೋಯಿತು, ಎಷ್ಟು ಬಂತು ಅಂತ ಲೆಕ್ಕ ಇಡೋದು ಅದೇ. ನೀವು ನೇರ ಟರ್ಮಿನಲ್ಲಿಗೆ ಕಟ್ಟಿದರೆ ಸೆಟ್ಟಿನ ಕರೆಂಟು ಅದರ ಲೆಕ್ಕಕ್ಕೆ ಸಿಗುವುದಿಲ್ಲ, ಚಾರ್ಜಿಂಗ್ ಏರುಪೇರಾಗುತ್ತದೆ. ಅಂಥ ಗಾಡಿಯಲ್ಲಿ ಬ್ಯಾಟರಿಯ ನೆಗೆಟಿವ್ ವೈರು ಬಾಡಿಗೆ ಬಂದು ಸೇರುವ ಬೋಲ್ಟಿನ ಹತ್ತಿರ ನಿಮ್ಮ ಕಪ್ಪು ವೈರನ್ನು ಕೊಡಿ. ಸೆನ್ಸರ್ ಇಲ್ಲದ ಹಳೆಯ ಗಾಡಿಯಲ್ಲಿ ಟರ್ಮಿನಲ್ಲಿಗೇ ಕಟ್ಟಿದರೆ ಆ ವೈರಿಗೂ ಒಂದು ಫ್ಯೂಸ್ ಹಾಕಿ. ಯಾಕೆ ಅಂದರೆ, ಬ್ಯಾಟರಿಯಿಂದ ಬಾಡಿಗೆ ಹೋಗುವ ದಪ್ಪ ಪಟ್ಟಿ ಎಂದಾದರೂ ಸಡಿಲವಾದರೆ ಸ್ಟಾರ್ಟರ್ ಮೋಟರಿನ ನೂರಾರು ಆಂಪಿಯರ್ ನಿಮ್ಮ ಸೆಟ್ಟಿನ ಸಣ್ಣ ವೈರಿನ ಮೂಲಕ ವಾಪಸ್ ಹೋಗಲು ನೋಡುತ್ತದೆ.

ಎಲ್ಲ ಆದ ಮೇಲೆ ಮಲ್ಟಿಮೀಟರ್ ಹಿಡಿದು ಸೆಟ್ಟಿನ ಹಿಂಭಾಗದಲ್ಲಿ ವೋಲ್ಟೇಜ್ ಅಳೆಯಿರಿ. ಇಂಜಿನ್ ಓಡುತ್ತಿರಲಿ, ಬಟನ್ ಒತ್ತಿದಾಗ ಅರ್ಧ ವೋಲ್ಟಿಗಿಂತ ಜಾಸ್ತಿ ಬಿದ್ದರೆ ಎಲ್ಲೋ ಲಗ್ ಸರಿ ಕೂತಿಲ್ಲ. ಇನ್ನೊಂದು ಮಾತು: ಬ್ಯಾಟರಿಗೆ ನೇರ ಕಟ್ಟಿದ ಸೆಟ್ಟು ಗಾಡಿಯ ಕೀ ತೆಗೆದರೂ ಆಫ್ ಆಗುವುದಿಲ್ಲ. ಅರ್ಧ ಆಂಪಿಯರ್ ಅಂದರೆ ದಿನಕ್ಕೆ 12 ಆಂಪಿಯರ್ ಅವರ್. 60ರ ಬ್ಯಾಟರಿ 5 ದಿನಕ್ಕೆ ಪೂರ್ತಿ ಖಾಲಿ, ಗಾಡಿ ಸ್ಟಾರ್ಟ್ ಆಗದಿರುವುದು ಅದಕ್ಕೂ ಎಷ್ಟೋ ಮೊದಲೇ. ಸೆಟ್ಟಿನ ಮೆನುವಿನಲ್ಲಿ ತಾನಾಗಿ ಆಫ್ ಆಗುವ ಆಯ್ಕೆ ಇರುತ್ತದೆ, ಆನ್ ಮಾಡಿಡಿ. ನಿಮ್ಮ ಬೊಲೆರೊ 12 ವೋಲ್ಟಿನದು, ಚಿಂತೆಯಿಲ್ಲ. ಆದರೆ ಇದನ್ನು ಓದಿ ಯಾರಾದರೂ ಲಾರಿಗೆ ಹಾಕಲು ಹೊರಟರೆ ನೆನಪಿಡಿ, ಅಲ್ಲಿ 24 ವೋಲ್ಟ್ ಇರುತ್ತದೆ. ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ 12 ಎಳೆದರೆ ಆ ಬ್ಯಾಟರಿ ಬೇಗ ಸಾಯುತ್ತದೆ. ಕನ್ವರ್ಟರ್ ಬೇಕು.

ಸೆಟ್ಟು ಎಲ್ಲಿ ಕೂರಬೇಕು? ಗಟ್ಟಿ ಬ್ರಾಕೆಟ್ಟು, ಗಟ್ಟಿ ಸ್ಕ್ರೂ. ಎರಡು ಬದಿ ಅಂಟುವ ಟೇಪ್ ಬೇಡ. ಕಿಲೋ ಮೇಲೆ ತೂಗುವ ಲೋಹದ ಡಬ್ಬಿ ಅಪಘಾತದಲ್ಲಿ ಕಲ್ಲಿನ ಹಾಗೆ ಹಾರುತ್ತದೆ. ಏರ್‌ಬ್ಯಾಗ್ ತೆರೆಯುವ ಜಾಗದ ಎದುರು ಸೆಟ್ಟೂ ಬೇಡ, ಮೈಕ್ ಹುಕ್ಕೂ ಬೇಡ. ಮುಂದಿನ ಕಂಬದ ಒಳಗೆ ವೈರು ಎಳೆಯುವಾಗ ಕೆಲವು ಗಾಡಿಗಳಲ್ಲಿ ಅಲ್ಲಿ ಕರ್ಟನ್ ಏರ್‌ಬ್ಯಾಗ್ ಮಡಚಿರುತ್ತದೆ, ಅದರ ಮುಂದೆ ಅಡ್ಡ ಹಾಯಬಾರದು. ಮುಖಭಾಗ ಬೇರೆಯಾಗುವ ಸೆಟ್ಟಾದರೆ ಡಬ್ಬಿಯನ್ನು ಸೀಟಿನ ಕೆಳಗಿಟ್ಟು ಮುಖವನ್ನಷ್ಟೇ ಮುಂದೆ ಇಡಬಹುದು. ಆದರೆ ಗಾಳಿಯಾಡಲಿ. ಒಂದು ನಿಮಿಷ ಮಾತಾಡಿ ಹಿಂದಿನ ಲೋಹದ ರೆಕ್ಕೆಗಳನ್ನು ಮುಟ್ಟಿ ನೋಡಿ, ಯಾಕೆ ಹೇಳಿದೆ ಅಂತ ಗೊತ್ತಾಗುತ್ತದೆ.

ಈಗ ಆಂಟೆನಾ. ನಿಮ್ಮ ಸೆಟ್ಟಿಗೆ ಎಷ್ಟು ದುಡ್ಡು ಕೊಟ್ಟಿರೋ, ಅದು ಆಂಟೆನಾ ಸರಿಯಿಲ್ಲದೆ ಹೋದರೆ ಬರೀ ಬಿಸಿ ಡಬ್ಬಿ. ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ ಕೊಟ್ಟಿರುವ ವಿಎಚ್‌ಎಫ್ ಪಟ್ಟಿ 144ರಿಂದ 146 ಮೆಗಾಹರ್ಟ್ಸ್. ಅಲೆಯ ಉದ್ದ ಸುಮಾರು 2 ಮೀಟರ್. ಅದರ ಕಾಲು ಭಾಗದ ಕಡ್ಡಿ, ಅಂದರೆ ಹತ್ತಿರ ಹತ್ತಿರ 49 ಸೆಂಟಿಮೀಟರ್, ಛಾವಣಿಯ ನಟ್ಟನಡುವೆ ನಿಂತರೆ ಅದಕ್ಕಿಂತ ಸರಳ, ನಂಬಬಹುದಾದ ಆಂಟೆನಾ ಇನ್ನೊಂದಿಲ್ಲ. ಕಡ್ಡಿ ಅರ್ಧ ಆಂಟೆನಾ ಮಾತ್ರ. ಇನ್ನರ್ಧ ನಿಮ್ಮ ಗಾಡಿಯ ಛಾವಣಿಯ ತಗಡು. ಅದಕ್ಕೇ ನಡುವೆ ಇಡಿ ಅನ್ನೋದು. ಬಂಪರಿಗೆ ಕಟ್ಟಿದರೆ ಗಾಡಿಯ ಮೈಯೇ ಅಡ್ಡ ಬಂದು ಒಂದು ದಿಕ್ಕಿಗೆ ಚೆನ್ನಾಗಿ ಹೋಗುತ್ತದೆ, ಇನ್ನೊಂದಕ್ಕೆ ಹೋಗುವುದಿಲ್ಲ. ನಿಮ್ಮ ಬೊಲೆರೊ ಮೇಲೆ ಕ್ಯಾರಿಯರ್ ಇದ್ದರೆ, ಮಲೆನಾಡಲ್ಲಿ ಇಲ್ಲದ ಗಾಡಿ ಯಾವುದು ಹೇಳಿ, ಅದರ ಸಲಾಕೆಗಳಿಂದ ಆದಷ್ಟು ದೂರ ಇಡಿ.

ಅಂಗಡಿಯವರು 1.3 ಮೀಟರಿನ ಉದ್ದದ ಕಡ್ಡಿ ತೋರಿಸಿ ‘ಇದಕ್ಕೆ ರೇಂಜ್ ಜಾಸ್ತಿ’ ಅನ್ನಬಹುದು. ಬಯಲುಸೀಮೆಯಲ್ಲಿ ಅದು ನಿಜ, ಅದು ಶಕ್ತಿಯನ್ನು ನೆಲಕ್ಕೆ ಸಮಾನಾಂತರವಾಗಿ ತಳ್ಳುತ್ತದೆ. ಆದರೆ ನಿಮ್ಮ ಮಾತನ್ನು ಹಿಡಿದು ಮತ್ತೆ ಪ್ರಸಾರ ಮಾಡುವ ರಿಪೀಟರ್ ಬೆಟ್ಟದ ತುದಿಯಲ್ಲಿ, ನೀವು ಕಣಿವೆಯಲ್ಲಿ. ನಿಮಗೆ ಬೇಕಾದ್ದು ಮೇಲಕ್ಕೂ ಸ್ವಲ್ಪ ಹೋಗುವ ಅಲೆ. ಅದೂ ಅಲ್ಲದೆ ಗಾಡಿಯ ಎತ್ತರ ಸೇರಿದರೆ 3 ಮೀಟರ್ ದಾಟುತ್ತದೆ. ತೋಟದ ರಸ್ತೆಯ ಮೇಲೆ ಜೋತುಬಿದ್ದ ಕರೆಂಟ್ ತಂತಿ, ಸಿಲ್ವರ್ ಓಕ್ ಕೊಂಬೆ, ಮನೆಯ ಪೋರ್ಟಿಕೊ ಎಲ್ಲದಕ್ಕೂ ತಾಗುತ್ತದೆ. ಕರೆಂಟ್ ತಂತಿಗೆ ತಾಗುವ ಮಾತು ತಮಾಷೆಯದಲ್ಲ. ನಿಮಗೆ ಗಿಡ್ಡದ್ದೇ ಸರಿ.

ತೂತು ಕೊರೆದು ಕೂರಿಸುವುದು ಎಲ್ಲಕ್ಕಿಂತ ಒಳ್ಳೆಯದು, ಆದರೆ ಹೊಸ ಗಾಡಿಗೆ ಡ್ರಿಲ್ ಹಿಡಿಯಲು ಯಾರಿಗೆ ಮನಸ್ಸು ಬರುತ್ತೆ? ಆಯಸ್ಕಾಂತದ ಬೇಸ್ ಸಾಕು. ಕೂರಿಸುವ ಮುನ್ನ ಜಾಗ ಒರೆಸಿ. ವಾರಕ್ಕೊಮ್ಮೆ ಎತ್ತಿ ಮತ್ತೆ ಒರೆಸಿ, ಇಲ್ಲದಿದ್ದರೆ ಕೆಳಗೆ ಸೇರಿದ ಮಣ್ಣು ಬಣ್ಣವನ್ನು ತಿನ್ನುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ತುಕ್ಕಿನ ವೃತ್ತ ಗ್ಯಾರಂಟಿ. ಕೇಬಲ್ಲನ್ನು ಹಿಂಬಾಗಿಲಿನ ರಬ್ಬರಿನ ಮೂಲೆಯಿಂದ ಒಳಗೆ ತನ್ನಿ, ಬಾಗಿಲು ಅದನ್ನು ಜಜ್ಜಬಾರದು. ಒಳಗೆ ಬರುವ ಮುನ್ನ ಕೇಬಲ್ ಒಮ್ಮೆ ಕೆಳಕ್ಕೆ ಬಾಗಿ ಮೇಲೆ ಬರಲಿ. ಮಳೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಆಮೇಲೆ ಎಸ್‌ಡಬ್ಲ್ಯುಆರ್ ಅಳತೆ, ಅಂದರೆ ಕಳಿಸಿದ ಪವರಿನಲ್ಲಿ ಎಷ್ಟು ಆಂಟೆನಾದಿಂದ ವಾಪಸ್ ಬರುತ್ತದೆ ಅಂತ ತೋರಿಸುವ ಸಂಖ್ಯೆ. ಮೀಟರ್ ಇಲ್ಲದಿದ್ದರೆ ಹತ್ತಿರದ ಹ್ಯಾಮ್ ಒಬ್ಬರಿಂದ ಸಾಲ ತನ್ನಿ, ಈ ಬಳಗದಲ್ಲಿ ಇಲ್ಲ ಅನ್ನುವವರು ಕಡಿಮೆ. ಶೆಡ್ಡಿನೊಳಗೆ ಅಳೆಯಬೇಡಿ, ಬಯಲಿಗೆ ತನ್ನಿ. ಬಾಗಿಲು ಮುಚ್ಚಿ, ಪವರ್ ಕಡಿಮೆ ಇಡಿ, ಆ ಹೊತ್ತಿನಲ್ಲಿ ಯಾರೂ ಮಾತಾಡುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ, ನಿಮ್ಮ ಕಾಲ್‌ಸೈನ್ (ಲೈಸೆನ್ಸಿನ ಜೊತೆ ಕೊಟ್ಟ ಗುರುತಿನ ಹೆಸರು) ಹೇಳಿ ಬಟನ್ ಒತ್ತಿ. 144, 145, 146ರ ಹತ್ತಿರ ಮೂರು ಕಡೆ ನೋಡಿ. 1.5ರೊಳಗಿದ್ದರೆ ಏನೂ ಮುಟ್ಟಬೇಡಿ. 2ರವರೆಗೂ ತಲೆಬಿಸಿ ಇಲ್ಲ, ಶೇಕಡಾ 11ರಷ್ಟು ಮಾತ್ರ ವಾಪಸ್ ಬರುತ್ತದೆ. 3 ದಾಟಿದರೆ ಕಾಲು ಭಾಗ ವಾಪಸ್, ಆಗ ನಿಲ್ಲಿಸಿ ಹುಡುಕಿ. 144ರಲ್ಲಿ ಕಡಿಮೆ ಇದ್ದು 146ರ ಕಡೆ ಏರುತ್ತಾ ಹೋದರೆ ಕಡ್ಡಿ ಉದ್ದವಾಗಿದೆ. ಎರಡು ಮೂರು ಮಿಲಿಮೀಟರಿನಷ್ಟೇ ಕತ್ತರಿಸಿ ಮತ್ತೆ ಅಳೆಯಿರಿ. ಕತ್ತರಿಸಿದ್ದನ್ನು ಅಂಟಿಸಲು ಬರುವುದಿಲ್ಲ, ಅಲ್ವಾ? ಎಲ್ಲ ಕಡೆಯೂ ಅತಿಯಾಗಿ ತೋರಿಸಿದರೆ ಕಡ್ಡಿಯ ತಂಟೆಗೆ ಹೋಗಬೇಡಿ. ಕನೆಕ್ಟರಿನಲ್ಲೋ ಕೇಬಲ್ಲಿನಲ್ಲೋ ದೋಷ ಇರುತ್ತದೆ.

ಕೇಳುವಾಗ ಇಂಜಿನ್ ಜೋರಾದಂತೆ ಏರುವ ‘ಕುಂಯ್’ ಅನ್ನೋ ಸದ್ದು ಬಂದರೆ ಅದು ಆಲ್ಟರ್ನೇಟರಿನದು. ಬ್ಯಾಟರಿಗೆ ನೇರ ಕಟ್ಟಿದವರಿಗೆ ಇದು ಅಪರೂಪ. ಬದಲಿಗೆ ಒಂದೇ ಸಮನೆ ‘ಶ್’ ಅಂದು ಬೇರೆ ಸ್ಟೇಷನ್ ಮುಚ್ಚಿಹೋದರೆ ಡ್ಯಾಶ್‌ಕ್ಯಾಮಿನ ಅಗ್ಗದ ಚಾರ್ಜರನ್ನು ಕಿತ್ತು ನೋಡಿ. ಹತ್ತರಲ್ಲಿ ಎಂಟು ಸಲ ಕಳ್ಳ ಅಲ್ಲೇ ಸಿಗುತ್ತಾನೆ.

ಚಾರ್ಮಾಡಿ ವಿಷಯಕ್ಕೆ ಬರೋಣ. ವಿಎಚ್‌ಎಫ್ ಅಲೆ ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೇರ ಹೋಗುತ್ತದೆ. ಸಮತಟ್ಟು ನೆಲದಲ್ಲಿ ಎರಡು ಗಾಡಿಗಳ ನಡುವೆ ಸುಮಾರು 11–12 ಕಿಲೋಮೀಟರಿಗೆ ಭೂಮಿಯ ಬಾಗೇ ಅಡ್ಡ ಬರುತ್ತದೆ. ಅದೇ ಸುತ್ತಲಿನ ಬಯಲಿಗಿಂತ 550 ಮೀಟರ್ ಎತ್ತರದ ಬೆಟ್ಟದ ಮೇಲೆ ಒಂದು ಕಡೆಯವರಿದ್ದರೆ ಲೆಕ್ಕದಲ್ಲಿ 100 ಕಿಲೋಮೀಟರ್ ಸಿಗುತ್ತದೆ. ರಿಪೀಟರನ್ನು ಬೆಟ್ಟದ ಮೇಲೆ ಇಡುವುದು ಅದಕ್ಕೇ. ಘಾಟಿಯಲ್ಲಿ ಮಾತ್ರ ಎರಡೂ ಕಡೆ ಗುಡ್ಡದ ಗೋಡೆ. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಹೊರಡುವಾಗ ಚೆನ್ನಾಗಿ ಕೇಳಿದ ಸ್ಟೇಷನ್ ನಾಲ್ಕನೇ ತಿರುವಿನಲ್ಲಿ ಸತ್ತುಹೋಗಬಹುದು. ಪಡುವಣಕ್ಕೆ ತೆರೆದ ತಿರುವಿನಲ್ಲಿ ಕರಾವಳಿಯ ಕಡೆಯವರು ತಟ್ಟನೆ ಪಕ್ಕದಲ್ಲೇ ಕೂತ ಹಾಗೆ ಕೇಳಬಹುದು. ಇಲ್ಲಿ 50 ವಾಟ್ ನಿಮ್ಮ ಕೈ ಹಿಡಿಯುವುದಿಲ್ಲ. 25ರಿಂದ 50ಕ್ಕೆ ಏರಿಸಿದರೆ ಎದುರಿನವರ ಮೀಟರಿನಲ್ಲಿ ಅರ್ಧ ಗೆರೆ ಜಾಸ್ತಿ, ಅಷ್ಟೇ. ಗಾಡಿಯನ್ನು ಒಂದು ಮೀಟರ್ ಮುಂದೆ ತಂದರೆ ಅದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುತ್ತದೆ. ಗುಡ್ಡಕ್ಕೆ ತಾಗಿ ಬಂದ ಅಲೆಗಳು ಒಂದನ್ನೊಂದು ಕೊಂದುಕೊಳ್ಳುವ ಜಾಗದಿಂದ ನೀವು ಹೊರಗೆ ಬಂದಿರುತ್ತೀರಿ.

ನನ್ನ ಸಲಹೆ: ಮಳೆಗಾಲಕ್ಕೆ ಮುಂಚೆ, ಹಗಲಿನಲ್ಲಿ, ಪಕ್ಕದಲ್ಲಿ ಇನ್ನೊಬ್ಬ ಹ್ಯಾಮ್ ಕೂರಿಸಿಕೊಂಡು ಘಾಟಿಯನ್ನು ಒಮ್ಮೆ ಇಳಿದು ಹತ್ತಿ. ಯಾವ ತಿರುವಿನಲ್ಲಿ ಯಾವ ರಿಪೀಟರ್ ಸಿಗುತ್ತದೆ ಅಂತ ಅವರು ಬರೆದುಕೊಳ್ಳಲಿ. ಆ ಹಾಳೆಯನ್ನು ಗಾಡಿಯಲ್ಲೇ ಇಡಿ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಈ ರಸ್ತೆ ಬಂದಾದದ್ದು ನಿಮಗೆ ನೆನಪಿರಬೇಕು. ಅಂಥ ದಿನ ಎಲ್ಲಿ ನಿಂತು ಕೂಗಿದರೆ ಕೇಳುತ್ತದೆ ಅಂತ ಮೊದಲೇ ಗೊತ್ತಿರಬೇಕು, ಆಗ ಹುಡುಕಲು ಹೊರಡುವುದಲ್ಲ.

ಓಡಿಸುತ್ತಾ ಮಾತಾಡುವುದರ ಬಗ್ಗೆ ನಾನು ಸ್ವಲ್ಪ ಬಿಗಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿನಲ್ಲಿ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನ ಬಳಸುತ್ತಾ ಗಾಡಿ ಓಡಿಸುವುದು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿದೆ. ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿ ದಂಡ, ಜೈಲಿಗೂ ಅವಕಾಶ ಇದೆ. ಮೈಕ್ ಅದರೊಳಗೆ ಬರುತ್ತಾ ಇಲ್ಲವಾ ಅಂತ ರಸ್ತೆ ಬದಿಯಲ್ಲಿ ಪೊಲೀಸರ ಜೊತೆ ವಾದ ಮಾಡುವುದಕ್ಕಿಂತ ಗಾಡಿ ನಿಲ್ಲಿಸಿ ಮಾತಾಡುವುದು ಮೇಲು. ಘಾಟಿಯಲ್ಲಂತೂ ಎರಡು ಕೈಯೂ ಸ್ಟಿಯರಿಂಗ್ ಮೇಲಿರಲಿ. ಕೇಳಿಸಿಕೊಳ್ಳಿ ಸಾಕು. ಚಾನೆಲ್ಲುಗಳನ್ನೆಲ್ಲ ಮನೆಯಲ್ಲೇ ತುಂಬಿಸಿಡಿ, ರಿಪೀಟರಿನ 600 ಕಿಲೋಹರ್ಟ್ಸ್ ಅಂತರ (ಕೇಳುವ ಮತ್ತು ಕಳಿಸುವ ಆವರ್ತನದ ನಡುವಿನದು), ಟೋನ್ (ರಿಪೀಟರನ್ನು ತೆರೆಯುವ ಸಣ್ಣ ಸದ್ದು) ಎಲ್ಲ ಸೇರಿ. ಮೆನು ತಡಕಾಡುತ್ತಾ ತಿರುವು ತೆಗೆಯುವ ಪರಿಸ್ಥಿತಿ ಬರಬಾರದು. ಒಂದೇ ಸಲಕ್ಕೆ 3 ನಿಮಿಷಕ್ಕಿಂತ ಜಾಸ್ತಿ ಪ್ರಸಾರ ಆಗದ ಹಾಗೆ ಟೈಮರ್ ಹಾಕಿ. ಮೈಕ್ ಸೀಟಿನ ಸಂದಿಗೆ ಬಿದ್ದು ಬಟನ್ ಒತ್ತಿಕೊಂಡೇ ಇದ್ದು, ಗಾಡಿಯೊಳಗಿನ ಗಂಡ ಹೆಂಡಿರ ಜಗಳವನ್ನು ಇಡೀ ಜಿಲ್ಲೆ ಕೇಳಿದ ಪ್ರಸಂಗಗಳು ಈ ಹವ್ಯಾಸದಲ್ಲಿ ಬೇಕಾದಷ್ಟಿವೆ. ಮತ್ತೆ, ನಿಮ್ಮ ಸೆಟ್ಟು ಹ್ಯಾಮ್ ಪಟ್ಟಿಯ ಆಚೆಗೂ ಪ್ರಸಾರ ಮಾಡುವಂತೆ ತೆರೆದಿದ್ದರೆ ಅದನ್ನು 144–146ಕ್ಕೆ ಬೀಗ ಹಾಕಿ. ಆಚೆ ಕಡೆ ಪೊಲೀಸರು, ಅರಣ್ಯದವರು, ಇನ್ನೂ ಯಾರ್‍ಯಾರೋ ಇರುತ್ತಾರೆ.

ಮಾತಾಡುವಾಗ ಬಟನ್ ಒತ್ತಿ, ಅರ್ಧ ಕ್ಷಣ ತಡೆದು ಶುರು ಮಾಡಿ, ಇಲ್ಲವಾದರೆ ಮೊದಲ ಪದ ಹಾರಿಹೋಗುತ್ತದೆ. ಮೈಕ್ ಬಾಯಿಂದ ನಾಲ್ಕು ಬೆರಳು ದೂರ. ಒಬ್ಬರು ಮುಗಿಸಿದ ಮೇಲೆ ಒಂದೆರಡು ಕ್ಷಣ ಬಿಟ್ಟು ಒತ್ತಿ. ತುರ್ತು ಇರುವವರು ಯಾರಾದರೂ ನುಗ್ಗಲು ಸಿಗುವುದು ಆ ಸಂದಿ ಮಾತ್ರ.

ಮಕ್ಕಳ ವಿಷಯ. ಲೋಹದ ಛಾವಣಿಯ ನಡುವೆ ಆಂಟೆನಾ ಇದ್ದರೆ ಒಳಗೆ ಕೂತವರಿಗೆ ಆ ತಗಡೇ ಗುರಾಣಿ. ಯೋಚನೆ ಮಾಡಬೇಕಾದ್ದು ಹೊರಗೆ ನಿಂತವರ ಬಗ್ಗೆ. ಈ ಅಲೆಗೆ ಅಂತರರಾಷ್ಟ್ರೀಯವಾಗಿ ಒಪ್ಪಿದ ಮಿತಿ ಜನಸಾಮಾನ್ಯರಿಗೆ ಚದರ ಮೀಟರಿಗೆ 2 ವಾಟ್. 50 ವಾಟಿಗೆ ಲೆಕ್ಕ ಹಾಕಿದರೆ ಕಡ್ಡಿಯಿಂದ 2 ಮೀಟರ್ ದೂರದಲ್ಲಿ ಅದರೊಳಗೆ ಬರುತ್ತದೆ. ನೀವು ಅರ್ಧ ಹೊತ್ತು ಕೇಳುತ್ತಿರುವುದರಿಂದ ಸರಾಸರಿ ಇನ್ನೂ ಕಡಿಮೆ. ಗಾಡಿಗೆ ಒರಗಿ ಯಾರಾದರೂ ನಿಂತಿದ್ದರೆ 5 ವಾಟಿಗೆ ಇಳಿಸಿ, ಇಲ್ಲವೇ ಮಾತು ಮುಂದೂಡಿ. ಪ್ರಸಾರ ಮಾಡುವಾಗ ಕಡ್ಡಿ ಮುಟ್ಟಿದರೆ ಚರ್ಮ ಸುಡುತ್ತದೆ, ಮಕ್ಕಳಿಗೆ ಇದನ್ನು ಹೇಳಿಡಿ. ಕಿಟಕಿ ಗಾಜಿನ ಪಕ್ಕಕ್ಕೆ ಕ್ಲಿಪ್ ಹಾಕುವ ಆಂಟೆನಾ ಮಾತ್ರ ತರಬೇಡಿ, ಅದು ಹಿಂದಿನ ಸೀಟಿನವರ ಕಿವಿಯ ಪಕ್ಕಕ್ಕೇ ಬರುತ್ತದೆ.

ಪೆಟ್ರೋಲ್ ಬಂಕಿನಲ್ಲಿ ಸೆಟ್ ಆಫ್. ಕಲ್ಲು ಕ್ವಾರಿಗಳ ಹತ್ತಿರ ‘ಸ್ಫೋಟ ನಡೆಯುವ ಜಾಗ, ರೇಡಿಯೋ ಬಂದ್ ಮಾಡಿ’ ಅನ್ನೋ ಬೋರ್ಡು ಕಂಡರೆ ಅದು ಸುಮ್ನೆ ಹಾಕಿದ್ದಲ್ಲ. ವಿದ್ಯುತ್ ಡಿಟೊನೇಟರಿನ ಉದ್ದ ವೈರುಗಳೇ ಆಂಟೆನಾ ಆಗಿ ನಿಮ್ಮ ಪ್ರಸಾರದಿಂದ ಸಿಡಿಯುವ ಸಾಧ್ಯತೆ ಇದೆ. ಬಟನ್ನಿಂದ ಕೈ ತೆಗೆದರೆ ಸಾಲದು, ಸೆಟ್ಟನ್ನೇ ಆಫ್ ಮಾಡಿ ದಾಟಿ.

ಕಾಗದಪತ್ರದ ಮಾತು ಚಿಕ್ಕದು. ಲೈಸೆನ್ಸಿನಲ್ಲಿ ಸ್ಟೇಷನ್ನಿನ ವಿಳಾಸ, ನಿಮ್ಮ ದರ್ಜೆಗೆ ಎಷ್ಟು ಪವರ್, ಗಾಡಿಯಲ್ಲಿ ಬಳಸಲು ಏನು ಷರತ್ತು ಅಂತ ಓದಿಕೊಳ್ಳಿ. ಬೇಕಾದ ಅನುಮತಿ ತಗೊಂಡ ಮೇಲೆ ಸ್ಕ್ರೂ ಹಾಕಿ. ಲೈಸೆನ್ಸಿನ ಒಂದು ಪ್ರತಿ ಗಾಡಿಯಲ್ಲಿರಲಿ, ಚೆಕ್‌ಪೋಸ್ಟಿನಲ್ಲಿ ಅದೇ ನಿಮ್ಮ ಪರವಾಗಿ ಮಾತಾಡುತ್ತದೆ.

ಕೊನೆಗೆ ತಮ್ಮನ ಪಿಕಪ್ಪು. ಇಲ್ಲ, ಹಾಕಬೇಡಿ. ಲೈಸೆನ್ಸ್ ನಿಮಗೆ, ಮನೆತನಕ್ಕಲ್ಲ. ನೀವು ಈ ಕಡೆ ಕೂತು ಅವರ ಜೊತೆ ಮಾತಾಡಿದರೂ ಇಬ್ಬರೂ ಸಿಕ್ಕಿಬೀಳುತ್ತೀರಿ. ತೋಟದೊಳಗಿನ ಹತ್ತಿರದ ಮಾತಿಗೆ 446.0ರಿಂದ 446.2 ಮೆಗಾಹರ್ಟ್ಸಿನ ಕಡಿಮೆ ಪವರಿನ ಹ್ಯಾಂಡ್‌ಸೆಟ್ಟುಗಳಿವೆ, ಅವಕ್ಕೆ ಲೈಸೆನ್ಸ್ ವಿನಾಯಿತಿ ಇದೆ. ಗಾಡಿಯಿಂದ ಗಾಡಿಗೆ ಬೇಕಾದರೆ 27 ಮೆಗಾಹರ್ಟ್ಸಿನ ಸಿಟಿಜನ್ ಬ್ಯಾಂಡಿಗೂ 5 ವಾಟಿನವರೆಗೆ ವಿನಾಯಿತಿ ಇದೆ, ಆಂಟೆನಾ ಮಾತ್ರ ಉದ್ದದ್ದು ಬೇಕು. ಯಾವುದನ್ನೇ ಕೊಳ್ಳಿ, ಇಟಿಎ (ಸರ್ಕಾರ ಉಪಕರಣಗಳಿಗೆ ಕೊಡುವ) ಅನುಮೋದನೆ ಇರುವ ಸೆಟ್ಟೇ ಕೊಳ್ಳಿ. ತಮ್ಮನಿಗೆ ನಿಜಕ್ಕೂ ಆಸಕ್ತಿ ಇದ್ದರೆ ನೀವು ಓದಿದ ಪುಸ್ತಕವನ್ನೇ ಕೊಟ್ಟು ಪರೀಕ್ಷೆಗೆ ಕೂರಿಸಿ. ಆದರೆ ಪಾಸಾದ ಮೇಲೂ ಹ್ಯಾಮ್ ಪಟ್ಟಿಯಲ್ಲಿ ವ್ಯವಹಾರದ ಮಾತಿಗೆ ಜಾಗವಿಲ್ಲ ಅಂತ ಮೊದಲೇ ಹೇಳಿಬಿಡಿ. ಇವತ್ತು ಕಾಫಿ ಎಷ್ಟು ಚೀಲ ಲೋಡಾಯಿತು ಅನ್ನೋದನ್ನು ಅವರು ಆಗಲೂ ಸಿಗ್ನಲ್ ಸಿಗುವ ದಿಬ್ಬ ಹತ್ತಿ ಫೋನಿನಲ್ಲೇ ಹೇಳಬೇಕು.